ಹಳ್ಳದ ಮೀನು ಹಿಡಿದು ಮಾರಬೇಡಿ, ತೊಟ್ಟಿಯಲ್ಲಿ ಮರಿ ಮಾಡಿ ಮಾರಿ

ಮುಂಗಾರಿನ ಮೊದಲ ಜೋರು ಮಳೆ ಬಿದ್ದು ಗದ್ದೆ ಬದುವಿನಲ್ಲಿ ನೀರು ಹರಿಯೋಕೆ ಶುರುವಾದ ಕೂಡಲೇ ನನ್ನ ವಾಟ್ಸಾಪಿಗೆ ಫೋಟೋಗಳು ಬರುತ್ತವೆ. ಹತ್ತು ಮೀನಿಗೆ ಅಂತ ಕೂಣಿ ಇಟ್ಟವರು ಬೆಳಿಗ್ಗೆ ಎತ್ತಿ ನೋಡಿದಾಗ ಸಾರಿಗಾಗುವ ಮೀನಿನ ಜೊತೆ ಬಣ್ಣದ ಪುಟ್ಟ ಮೀನುಗಳೂ ಸಿಕ್ಕಿರುತ್ತವೆ. ಬಾಲದ ತುದಿ ಕೆಂಪು, ಮೈಮೇಲೆ ಕಪ್ಪು ಬೊಟ್ಟು, ಬೆನ್ನಿನ ರೆಕ್ಕೆಯಿಂದ ಎಳೆ ಎಳೆಯಾಗಿ ಇಳಿಬಿದ್ದ ದಾರ. ಅದನ್ನೊಂದು ಗಾಜಿನ ಲೋಟಕ್ಕೆ ಹಾಕಿ ಫೋಟೋ ತೆಗೆದು, ಕೆಳಗೆ ಒಂದೇ ಪ್ರಶ್ನೆ: "ಸಾರ್, ಇದಕ್ಕೆ ಬೆಂಗಳೂರಲ್ಲಿ ಎಷ್ಟು ಸಿಗುತ್ತೆ?"

ಸಿಗುತ್ತೆ. ಅಂಗಡಿಯವರು ತಗೊಳ್ತಾರೆ. ಆದರೆ ಈ ಪ್ರಶ್ನೆಯನ್ನು ನಮಗಿಂತ ಮೊದಲು ಕೇರಳದವರು ಕೇಳಿದ್ದರು. ಅಲ್ಲಿ ಏನಾಯ್ತು ಅಂತ ತಿಳಿದುಕೊಂಡು ಆಮೇಲೆ ತೊಟ್ಟಿ ಕಟ್ಟಿಸೋದು ಒಳ್ಳೇದು.

ಮಿಸ್ ಕೇರಳ ಕಲಿಸಿದ ಪಾಠ

ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಡೆನಿಸನ್ ಬಾರ್ಬ್ ಅನ್ನುವ ಮೀನಿದೆ. ಮೂತಿಯಿಂದ ಮೈ ನಡುವಿನವರೆಗೆ ಕೆಂಪು ಗೆರೆ, ಅದರ ಕೆಳಗೆ ಬಾಲದವರೆಗೂ ಕಪ್ಪು ಗೆರೆ, ಬಾಲದಲ್ಲಿ ಹಳದಿ, ಕಪ್ಪು ಪಟ್ಟೆ. ವ್ಯಾಪಾರದಲ್ಲಿ ಇದರ ಹೆಸರು ಮಿಸ್ ಕೇರಳ. ಕೇರಳ ಮತ್ತು ಅದಕ್ಕೆ ಹೊಂದಿಕೊಂಡ ನಮ್ಮ ದಕ್ಷಿಣ ಭಾಗದ ಕೆಲವು ಹೊಳೆಗಳನ್ನು ಬಿಟ್ಟರೆ ಪ್ರಪಂಚದ ಬೇರೆ ಯಾವ ಹೊಳೆಯಲ್ಲೂ ಇದು ಹುಟ್ಟಿ ಬೆಳೆದದ್ದಲ್ಲ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 1865ರಲ್ಲಿ. ಆಗ ಮದ್ರಾಸಿನ ಗವರ್ನರ್ ಆಗಿದ್ದ ಡೆನಿಸನ್ ಹೆಸರನ್ನೇ ಇಟ್ಟರು. ನೂರಕ್ಕೂ ಹೆಚ್ಚು ವರ್ಷ ಯಾರೂ ಹೆಚ್ಚು ತಲೆಕೆಡಿಸಿಕೊಂಡಿರಲಿಲ್ಲ. 1997ರಲ್ಲಿ ಸಿಂಗಪುರದ ಅಕ್ವಾರಾಮಾ ಪ್ರದರ್ಶನದಲ್ಲಿ ಬಹುಮಾನ ಬಂತು ನೋಡಿ, ಅಲ್ಲಿಂದ ಬೇಡಿಕೆ ಏರಿದ್ದೇ ಏರಿದ್ದು.

ಬೇಡಿಕೆ ಏರಿದಾಗ ಯಾರೂ ತೊಟ್ಟಿ ಕಟ್ಟಲಿಲ್ಲ, ಹೊಳೆಗೆ ಇಳಿದರು. ಹಿಡಿದವನಿಗೆ ಸಿಕ್ಕಿದ್ದು ಚಿಲ್ಲರೆ ಕಾಸು, ದೊಡ್ಡ ದುಡ್ಡು ಮಧ್ಯವರ್ತಿಗೆ ಮತ್ತು ರಫ್ತುದಾರನಿಗೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2005ರಿಂದ 2012ರವರೆಗೆ ಭಾರತದಿಂದ ಹೊರಗೆ ಹೋದ ಅಪಾಯದಂಚಿನ ಸಿಹಿನೀರ ಅಲಂಕಾರಿಕ ಮೀನುಗಳು 15 ಲಕ್ಷಕ್ಕೂ ಹೆಚ್ಚು, ಒಟ್ಟು 30 ಜಾತಿ. ಅದರಲ್ಲಿ ದೊಡ್ಡ ಪಾಲು ಮೂರೇ ಬಗೆಯ ಮೀನುಗಳದ್ದು. ಒಂದು ಈ ಮಿಸ್ ಕೇರಳ ಮತ್ತು ಅದರ ಚಾಲಕ್ಕುಡಿ ಹೊಳೆಯ ಸೋದರ ಜಾತಿ. ಇನ್ನೊಂದು ಬಟಾಣಿ ಗಾತ್ರದ ಪುಟ್ಟ ಪಫರ್ ಮೀನು. ಮೂರನೆಯದು ಮೈತುಂಬ ಪಟ್ಟೆ ಇರುವ ಜೀಬ್ರಾ ಲೋಚ್. ಈ ಲೋಚ್ ನಮ್ಮ ತುಂಗಾ ಹೊಳೆಯದೂ ಹೌದು.

ಸರ್ಕಾರ ಸುಮ್ಮನಿರಲಿಲ್ಲ. 2008ರಲ್ಲಿ ಕೇರಳ ಸರ್ಕಾರ ಮಿಸ್ ಕೇರಳ ಹಿಡಿಯೋದಕ್ಕೆ ನಿರ್ಬಂಧ ಹಾಕಿ, ಕೆಲವು ತಿಂಗಳು ಹಿಡಿಯಲೇಬಾರದು ಅಂತ ಮಾಡಿತು. ಆದರೆ ಆ ತಿಂಗಳುಗಳು ಮೀನು ಮೊಟ್ಟೆ ಇಡುವ ಕಾಲಕ್ಕೆ ಸರಿಯಾಗಿ ಹೊಂದಲಿಲ್ಲ ಅಂತ ಆಮೇಲೆ ಸಂಶೋಧಕರು ತೋರಿಸಿದರು. ಯಾವ ಮೀನು ಯಾವ ತಿಂಗಳು ಮೊಟ್ಟೆ ಇಡುತ್ತೆ ಅನ್ನೋದು ಗೊತ್ತಿಲ್ಲದೆ ಕಾನೂನು ಮಾಡಿದರೂ ಉಪಯೋಗವಿಲ್ಲ, ವ್ಯಾಪಾರ ಮಾಡಿದರೂ ಉಪಯೋಗವಿಲ್ಲ.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ನಾವು ಹೊಳೆಯಿಂದ ಬಾಚಿ ಬಾಚಿ ಕಳಿಸುತ್ತಿದ್ದಾಗ ಆಗ್ನೇಯ ಏಷ್ಯಾದ ಸಾಕಣೆದಾರರು ಅದೇ ಮೀನನ್ನು ತೊಟ್ಟಿಯಲ್ಲಿ ಮರಿ ಮಾಡೋದು ಕಲಿತುಬಿಟ್ಟರು. ಇವತ್ತು ಪರದೇಶದ ಅಂಗಡಿಯಲ್ಲಿರುವ ಮಿಸ್ ಕೇರಳ ಕೇರಳವನ್ನೇ ನೋಡಿರದೆ ಇರಬಹುದು. ನಮ್ಮಲ್ಲೂ ವಿದ್ಯೆ ಇರಲಿಲ್ಲ ಅಂತಲ್ಲ, ಕೊಚ್ಚಿ ಹತ್ತಿರದ ಪನಂಗಾಡ್ ಮೀನುಗಾರಿಕಾ ಕಾಲೇಜಿನಲ್ಲಿ ಘಟ್ಟದ ಹಲವು ಮೀನುಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸಿ ತೋರಿಸಿದ್ದಾರೆ. ಅದು ರೈತರ ಅಂಗಳಕ್ಕೆ ಬರೋದು ತಡವಾಯ್ತು, ಅಷ್ಟೇ.

ಹಾಗಾದರೆ ಹೊಳೆ ಮೀನು ಹಿಡಿಯೋದೇ ಪಾಪವಾ? ಹಾಗೂ ಅಲ್ಲ. ಬ್ರೆಜಿಲ್ ದೇಶದ ರಿಯೊ ನೀಗ್ರೊ ನದಿಯ ಬಾರ್ಸೆಲೋಸ್ ಅನ್ನುವ ಊರಿನವರು ತಲೆಮಾರುಗಳಿಂದ ಕಾರ್ಡಿನಲ್ ಟೆಟ್ರಾ ಅನ್ನುವ ಕೆಂಪು, ನೀಲಿ ಪುಟ್ಟ ಮೀನನ್ನು ಕಾಡಿನ ನೀರಿನಿಂದ ಹಿಡಿದೇ ಬದುಕಿದವರು. ಅಲ್ಲಿ ಬೇಸಿಗೆಗೆ ನೀರು ಇಳಿದಾಗ ಲೆಕ್ಕವಿಲ್ಲದಷ್ಟು ಮೀನು ತಾನಾಗಿಯೇ ಸಾಯುತ್ತದೆ, ಮಳೆಗೆ ಮತ್ತೆ ತುಂಬಿಕೊಳ್ಳುತ್ತದೆ. ಮೀನು ಬೇಕಾದ್ದರಿಂದ ಜನ ಕಾಡನ್ನೂ ಉಳಿಸಿಕೊಂಡರು. ಆದರೆ ನಮ್ಮ ಘಟ್ಟದ ಮೀನುಗಳ ಕತೆಯೇ ಬೇರೆ. ಅಮೆಜಾನಿನಂತೆ ಸಾವಿರಾರು ಮೈಲಿ ನೀರಿಲ್ಲ. ಕೆಲವು ಜಾತಿ ಒಂದೆರಡು ಹೊಳೆಗೆ ಸೀಮಿತ. ಎತ್ರೋಪ್ಲಸ್ ಕನಾರೆನ್ಸಿಸ್ ಅಂತ ಒಂದಿದೆ, ಕರಿಮೀನಿನ ಬಳಗದ್ದು. ಹೆಸರಲ್ಲೇ ಕೆನರಾ ಇದೆ, ದಕ್ಷಿಣ ಕನ್ನಡದ ನೇತ್ರಾವತಿ ಬಳಗದ ಹೊಳೆಗಳ ಮೀನು. ಅದರ ಒಂದು ಗುಂಡಿಯನ್ನು ಬಲೆ ಹಾಕಿ ಬಳಿದರೆ ವಾಪಸು ತುಂಬಲು ಮೀನು ಬರೋದು ಎಲ್ಲಿಂದ?

ಮತ್ತೆ ಬಾರ್ಸೆಲೋಸಿನವರ ಕತೆಯ ಉತ್ತರಾರ್ಧವೂ ಇದೆ. ಬೇರೆ ದೇಶದ ಫಾರಂಗಳಲ್ಲಿ ಕಾರ್ಡಿನಲ್ ಟೆಟ್ರಾ ಮರಿ ಮಾಡಲು ಶುರುವಾದ ಮೇಲೆ ಅವರ ವ್ಯಾಪಾರ ಇಳಿಯಿತು. ಮೀನು ಯಾರ ಹೊಳೆಯದೋ ಅವರೇ ಮರಿ ಮಾಡೋದು ಕಲಿಯದಿದ್ದರೆ ಬೇರೆಯವರು ಕಲಿಯುತ್ತಾರೆ.

ಯಾವ ಮೀನಿಂದ ಶುರು ಮಾಡೋದು?

ಮೊದಲ ಎರಡು ವರ್ಷ ಅಪರೂಪದ ಮೀನಿನ ಹಿಂದೆ ಹೋಗಲೇಬೇಡಿ. ಸಾಮಾನ್ಯವಾಗಿ ಸಿಗುವ, ಅಪಾಯದ ಪಟ್ಟಿಯಲ್ಲಿ ಇಲ್ಲದ, ತೊಟ್ಟಿಯಲ್ಲಿ ಸುಲಭಕ್ಕೆ ಮೊಟ್ಟೆ ಇಡುವ ಮೀನಿನಲ್ಲಿ ಕೈ ಪಳಗಿಸಿಕೊಳ್ಳಿ. ಮಲೆನಾಡಿನವರಿಗೆ ನನ್ನ ಸಲಹೆ ಫಿಲಮೆಂಟ್ ಬಾರ್ಬ್, ಅಂದರೆ ನಾನು ಶುರುವಿನಲ್ಲಿ ಹೇಳಿದ ದಾರದ ರೆಕ್ಕೆಯ ಮೀನು. ಅದರ ಜೊತೆ ನೀಲಿ, ಹಳದಿ ಗೆರೆಯ ಜೈಂಟ್ ಡ್ಯಾನಿಯೊ, ಮೈಮೇಲೆ ಕಪ್ಪು ಅಡ್ಡಪಟ್ಟೆ ಇರುವ ಮೆಲನ್ ಬಾರ್ಬ್. ಕರಾವಳಿಯವರಾದರೆ ಆರೆಂಜ್ ಕ್ರೋಮೈಡ್, ಕರಿಮೀನಿನ ಸಣ್ಣ ತಮ್ಮ ಅನ್ನಬಹುದು. ಊರಿಂದ ಊರಿಗೆ ಕನ್ನಡ, ತುಳು ಹೆಸರುಗಳು ಬದಲಾಗುತ್ತವೆ, ಒಂದೇ ಹೆಸರಲ್ಲಿ ನಾಲ್ಕು ಮೀನು ಕರೆಯುತ್ತಾರೆ. ಹಾಗಾಗಿ ವ್ಯಾಪಾರದ ಹೆಸರನ್ನೇ ಬಳಸಿದ್ದೇನೆ.

ಗುರುತು ಹಿಡಿಯೋದರಲ್ಲಿ ಎಡವಬೇಡಿ. ಫಿಲಮೆಂಟ್ ಬಾರ್ಬಿಗೆ ತದ್ರೂಪಿನಂಥ ಬಂಧುಗಳಿವೆ. ಕಾವೇರಿ ಕಡೆಯ ಅರುಲಿಯಸ್ ಬಾರ್ಬ್ ಅಂಥದ್ದೇ, ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಗೂಗಲ್ ಲೆನ್ಸ್ ತೋರಿಸಿದ್ದನ್ನು ನಂಬಿ ಕೂರಬೇಡಿ, ಮೀನಿನ ವಿಷಯದಲ್ಲಿ ಅದು ಬಹಳ ಸಲ ತಪ್ಪುತ್ತೆ. ಒಂದು ಪಕ್ಕದಿಂದ ಸ್ಪಷ್ಟ ಫೋಟೋ ತೆಗೆದು, ಯಾವ ಹಳ್ಳ ಅನ್ನೋದನ್ನೂ ಬರೆದು, ಮಂಗಳೂರಿನ ಮೀನುಗಾರಿಕಾ ಕಾಲೇಜಿನವರಿಗೋ ನಿಮ್ಮ ಕೃಷಿ ವಿಜ್ಞಾನ ಕೇಂದ್ರದ ಮೀನು ತಜ್ಞರಿಗೋ ತೋರಿಸಿ. ವೈಜ್ಞಾನಿಕ ಹೆಸರು ಸಿಕ್ಕ ಮೇಲೆ ಐಯುಸಿಎನ್ ರೆಡ್ ಲಿಸ್ಟ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಆ ಮೀನಿನ ಸ್ಥಿತಿ ಏನು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ಮಿಸ್ ಕೇರಳ ಮಾಡಬಹುದಾ ಅಂತ ಕೇಳುವವರಿಗೆ: ಸದ್ಯಕ್ಕೆ ಕೈ ಹಾಕಬೇಡಿ. 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಮಸೂದೆಯ ಒಂದನೇ ಅನುಸೂಚಿಯಲ್ಲೇ ಈ ಮೀನಿನ ಹೆಸರು ಬಂದು, ತೊಟ್ಟಿಯಲ್ಲಿ ಸಾಕುತ್ತಿದ್ದವರೆಲ್ಲ ಗಾಬರಿಯಾಗಿದ್ದರು. ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅರಣ್ಯ ಇಲಾಖೆಯಿಂದ ಲಿಖಿತ ಉತ್ತರ ಕೈಗೆ ಸಿಗದೆ ಒಂದು ರೂಪಾಯಿಯನ್ನೂ ಹಾಕಬೇಡಿ. ಜೀಬ್ರಾ ಲೋಚ್, ಎತ್ರೋಪ್ಲಸ್ ಕನಾರೆನ್ಸಿಸ್ ಇವಕ್ಕೂ ಇದೇ ಮಾತು. ಎರಡೂ ಅಳಿವಿನಂಚಿನ ಪಟ್ಟಿಯಲ್ಲಿವೆ.

ತಾಯಿ ಮೀನು ಎಲ್ಲಿಂದ ತರೋದು

ಮೊದಲ ಆಯ್ಕೆ, ಈಗಾಗಲೇ ತೊಟ್ಟಿಯಲ್ಲಿ ಮರಿ ಮಾಡುತ್ತಿರುವವರಿಂದ ಕೊಳ್ಳೋದು. ಅದು ಸಿಗದಿದ್ದರೆ ಮಾತ್ರ ಹಳ್ಳದಿಂದ, ಅದೂ ಒಂದೇ ಸಲ. ಮೀಸಲು ಅರಣ್ಯ, ಅಭಯಾರಣ್ಯದ ಒಳಗಿನ ಹಳ್ಳಕ್ಕೆ ಅನುಮತಿಯಿಲ್ಲದೆ ಇಳಿಯಬಾರದು. ಶೃಂಗೇರಿ, ಶಿಶಿಲ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಂಥ ದೇವರ ಮೀನಿನ ಜಾಗಗಳ ವಿಷಯ ನಾನು ಹೇಳಬೇಕಾಗಿಲ್ಲ. ಹೊರಗಿನ ಹೊಳೆಯಾದರೂ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಕೊಟ್ಟು, ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ತಿಳಿಸಿ. ಅಲೆದಾಟ ಆಗುತ್ತೆ, ನಿಜ. ಆದರೆ ಆ ಅರ್ಜಿಯ ಸೀಲು ಬಿದ್ದ ಪ್ರತಿ ಮುಂದೆ ನಿಮ್ಮನ್ನು ಕಾಪಾಡುವ ಕಾಗದ.

20–30 ಮೀನು ಸಾಕು. ಎಲ್ಲವನ್ನೂ ಒಂದೇ ಗುಂಡಿಯಿಂದ ಎತ್ತಬೇಡಿ, ಒಂದೇ ಹೊಳೆಯ ನಾಲ್ಕಾರು ಜಾಗದಿಂದ ತನ್ನಿ. ಹಳ್ಳಕ್ಕೂ ಭಾರ ಆಗೋದಿಲ್ಲ, ನಿಮ್ಮ ತೊಟ್ಟಿಯಲ್ಲೂ ಅಣ್ಣ ತಂಗಿಯರ ನಡುವೆ ಸಂಬಂಧ ಬೆಳೆದು ಸೊಟ್ಟ ಬೆನ್ನಿನ ಮರಿ ಹುಟ್ಟೋದು ತಪ್ಪುತ್ತೆ. ಹತ್ತು ಮೀನು ಏರುವ ದಿನಗಳಲ್ಲಿ ಹಿಡಿಯಬೇಡಿ, ಆಗ ಮೀನು ಏರುವುದೇ ಮೊಟ್ಟೆ ಇಡೋದಕ್ಕೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಕೈಬಲೆಯಲ್ಲಿ ಹಿಡಿಯಿರಿ. ತಂದ ಮೀನನ್ನು ಎರಡು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ, ಆಮೇಲೆ ಉಳಿದವುಗಳ ಜೊತೆ ಬಿಡಿ.

ತೊಟ್ಟಿ, ನೀರು, ಮತ್ತೆ ಬೋರ್ಡೋ

ಅಡಿಕೆ ತೋಟದವರಿಗೆ ಈ ಕೆಲಸಕ್ಕೆ ದೊಡ್ಡ ಅನುಕೂಲ ಇದೆ. ನೆರಳಿದೆ, ನೀರು ತಣ್ಣಗಿರುತ್ತೆ, ಸಿಲ್ಪಾಲಿನ್ ಹೊಂಡ ಮಾಡೋದು ಎಲ್ಲರಿಗೂ ಗೊತ್ತು. ಬೆಳೆಸೋದಕ್ಕೆ ಒಂದೆರಡು ಸಣ್ಣ ಹೊಂಡ, ಮೊಟ್ಟೆ ಇಡಿಸೋದಕ್ಕೆ ಮೂರು ಅಡಿಯ ನಾಲ್ಕು ಗಾಜಿನ ಅಥವಾ ಸಿಮೆಂಟ್ ತೊಟ್ಟಿ, ಒಂದು ಏರ್ ಪಂಪ್. ಶುರುವಿಗೆ ಇಷ್ಟೇ. ಹೊಸ ಸಿಮೆಂಟ್ ತೊಟ್ಟಿಯಾದರೆ ಎರಡು ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ಸುಣ್ಣದ ಖಾರ ತೆಗೆಯಲೇಬೇಕು. ಬೋರ್‌ವೆಲ್ ನೀರನ್ನು ನೇರ ಬಿಡಬೇಡಿ, ಒಂದು ದಿನ ಗಾಳಿ ಆಡಿಸಿ ಬಿಡಿ.

ಇದೇ ಅಡಿಕೆ ತೋಟದಲ್ಲಿ ಒಂದು ದೊಡ್ಡ ಅಪಾಯವೂ ಇದೆ. ಹೇಳಿಬಿಡ್ತೀನಿ, ನಾನು ದುಡ್ಡು ಕೊಟ್ಟು ಕಲಿತದ್ದು. ಎರಡು ಮಳೆಗಾಲದ ಹಿಂದೆ ನಮ್ಮ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋರು ಬಂದಿದ್ದರು. ತೊಟ್ಟಿ ಇರೋದು ಮನೆ ಹಿಂದೆ, ಔಷಧಿ ಹೊಡೆಯೋದು ತೋಟದ ಆ ಕಡೆ, ಏನಾಗುತ್ತೆ ಅಂದುಕೊಂಡೆ. ಮಧ್ಯಾಹ್ನ ಮಳೆ ಬಂತು. ಗೊನೆಯಿಂದ, ಸೋಗೆಯಿಂದ ತೊಳೆದು ಇಳಿದ ನೀರು ಕಪ್ಪಿನಲ್ಲಿ ಹರಿದು ಕೆಳಗಿನ ಹೊಂಡಕ್ಕೆ ಸೇರಿದೆ. ಮಾರನೇ ದಿನ ಬೆಳಿಗ್ಗೆ ನಾನೂರು ಚಿಲ್ಲರೆ ಮರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆರು ತಿಂಗಳ ಕೆಲಸ.

ಬೋರ್ಡೋದಲ್ಲಿರುವ ಮೈಲುತುತ್ತ ಅಂದರೆ ತಾಮ್ರ. ತಾಮ್ರ ಮೀನಿನ ಕಿವಿರನ್ನೇ ಹಾಳು ಮಾಡುತ್ತೆ. ನೀರು ಗಡುಸಾಗಿದ್ದರೆ ವಿಷ ಸ್ವಲ್ಪ ಕಡಿಮೆ ತಾಗುತ್ತೆ, ಮಲೆನಾಡಿನ ಮೆದು ನೀರಿನಲ್ಲಿ ಜಾಸ್ತಿ ತಾಗುತ್ತೆ. ಹಾಗಾಗಿ ಹೊಂಡದ ಸುತ್ತ ಒಂದಡಿ ಎತ್ತರದ ಏರಿ ಇರಲಿ, ಮೇಲಿನ ನೀರು ಬೇರೆ ಕಡೆ ಹೋಗಲು ಕಾಲುವೆ ತೆಗೆಯಿರಿ, ಹೊಡೆಯುವ ದಿನ ಟಾರ್ಪಾಲ್ ಮುಚ್ಚಿ. ಬೋರ್ಡೋ ಕಲಸಿದ ಬಕೆಟ್, ಡ್ರಮ್ಮು ಮೀನಿನ ತೊಟ್ಟಿಯ ಹತ್ತಿರವೂ ಬರಬಾರದು. ಪಕ್ಕದ ತೋಟದವರಿಗೂ ಹೇಳಿಡಿ.

ಹೊಂಡದ ಮೇಲೆ ಬಲೆ ಹಾಕೋದನ್ನೂ ಮರೆಯಬೇಡಿ. ಮಿಂಚುಳ್ಳಿ ಒಂದು ವಾರದಲ್ಲಿ ನಿಮ್ಮ ಲಾಭ ತಿಂದು ಹೋಗುತ್ತೆ. ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರೊಳಗೇ ಇದ್ದು ಮೀನಿನ ಮರಿ ಹಿಡಿಯುತ್ತವೆ. ಡ್ಯಾನಿಯೊ ಇದ್ದರಂತೂ ಬಲೆ ಬೇಕೇ ಬೇಕು, ಅದು ಹಾರಿ ಹೊರಗೆ ಬೀಳುತ್ತೆ.

ಮೊಟ್ಟೆ ಇಡಿಸುವ ರೀತಿ

ಬಾರ್ಬ್, ಡ್ಯಾನಿಯೊಗಳ ಅಭ್ಯಾಸ ಒಂದೇ: ಗಿಡಗಳ ಮಧ್ಯೆ ಮೊಟ್ಟೆ ಚೆಲ್ಲುತ್ತವೆ, ತಿರುಗಿ ನೋಡಿದರೆ ತಮ್ಮ ಮೊಟ್ಟೆಯನ್ನೇ ತಿನ್ನುತ್ತವೆ. ಎರಡು ವಾರ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇಟ್ಟು ಸೊಳ್ಳೆ ಮರಿ, ಕತ್ತರಿಸಿದ ಎರೆಹುಳ ಕೊಟ್ಟು ಚೆನ್ನಾಗಿ ಮೇಯಿಸಿ. ಹೆಣ್ಣಿನ ಹೊಟ್ಟೆ ದುಂಡಗಾದ ಮೇಲೆ ಒಂದು ಸಂಜೆ ಒಂದು ಹೆಣ್ಣು, ಎರಡು ಗಂಡನ್ನು ಮೊಟ್ಟೆ ತೊಟ್ಟಿಗೆ ಬಿಡಿ. ತಳದಲ್ಲಿ ಗೋಲಿ ಹರಡಿ ಅಥವಾ ಮೊಟ್ಟೆ ಮಾತ್ರ ಇಳಿಯುವಂಥ ಪ್ಲಾಸ್ಟಿಕ್ ಜಾಲರಿ ಹಾಕಿ, ಮೇಲೆ ನೈಲಾನ್ ದಾರದ ಕುಚ್ಚು ತೇಲಿಬಿಡಿ. ಹೊಸ ನೀರು ಸ್ವಲ್ಪ ಸುರಿದರೆ ಮಳೆ ಬಂತು ಅಂದುಕೊಳ್ಳುತ್ತವೆ. ಸಾಮಾನ್ಯವಾಗಿ ಮಾರನೇ ಬೆಳಿಗ್ಗೆ ಮೊಟ್ಟೆ ಇರುತ್ತೆ. ಕೂಡಲೇ ದೊಡ್ಡ ಮೀನು ತೆಗೆಯಿರಿ.

ಒಂದರಿಂದ ಎರಡು ದಿನದಲ್ಲಿ ಒಡೆಯುತ್ತವೆ. ಇನ್ನೆರಡು ದಿನಕ್ಕೆ ಮರಿ ಈಜುತ್ತವೆ. ಹೊಸಬರು ಸೋಲೋದು ಇಲ್ಲೇ. ಈಜಲು ಶುರುವಾದ ಮರಿಯ ಬಾಯಿ ಸೂಜಿಮೊನೆಯಷ್ಟು, ಪುಡಿ ಆಹಾರ ಹಾಕಿದರೆ ನೀರು ಕೆಡುತ್ತೆ, ಮರಿ ಉಪವಾಸ ಸಾಯುತ್ತೆ. ಒಂದು ವಾರ ಮೊದಲೇ ಒಣಹುಲ್ಲು ಅಥವಾ ಬಾಳೆಸಿಪ್ಪೆಯನ್ನು ನೀರಲ್ಲಿ ನೆನೆಸಿಟ್ಟಿದ್ದರೆ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಬೆಳೆದಿರುತ್ತವೆ. ಮೊದಲ ನಾಲ್ಕೈದು ದಿನ ಆ ನೀರನ್ನೇ ಸ್ವಲ್ಪ ಸ್ವಲ್ಪ ಕೊಡಿ. ಆಮೇಲೆ ಆಗ ತಾನೇ ಒಡೆದ ಆರ್ಟೀಮಿಯಾ.

ಆರೆಂಜ್ ಕ್ರೋಮೈಡ್ ಬೇರೆ ಸ್ವಭಾವದ್ದು. ಜೋಡಿ ಕಟ್ಟಿಕೊಂಡು ಕಲ್ಲಿನ ಮೇಲೋ ಹಂಚಿನ ಚೂರಿನ ಮೇಲೋ ಮೊಟ್ಟೆ ಇಟ್ಟು ಗಂಡ ಹೆಂಡಿರಿಬ್ಬರೂ ಕಾಯುತ್ತಾರೆ. ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನು ಕಚ್ಚಿ ಕಚ್ಚಿ ತಿನ್ನುತ್ತವೆ. ನೋಡೋಕೆ ಬಹಳ ಚಂದ, ವಿಡಿಯೊ ಮಾಡಿಡಿ, ಗಿರಾಕಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಬೇಡ. ಮರಿಗಳನ್ನು ಬೇಗ ಬೇರೆ ಮಾಡಬೇಡಿ.

ಮಾರಾಟ

ಕಷ್ಟದ ಭಾಗ ಇದು, ಸಿಹಿಯಾಗಿ ಹೇಳಲಾರೆ. ನಮ್ಮ ಅಂಗಡಿಗಳಲ್ಲಿ ನಡೆಯೋದು ಗಪ್ಪಿ, ಮೋಲಿ, ಗೋಲ್ಡ್ ಫಿಶ್. ಅವೆಲ್ಲ ಪರದೇಶಿ ಮೀನು, ಚೆನ್ನೈನ ಕೊಳತ್ತೂರಿನಿಂದ ಮೂಟೆಗಟ್ಟಲೆ ಬರುತ್ತವೆ. ಆ ದರದ ಜೊತೆ ನೀವು ಗುದ್ದಾಡಿ ಗೆಲ್ಲೋದಿಲ್ಲ. ನಿಮ್ಮ ಗಿರಾಕಿ ಬೇರೆ: ಬೆಂಗಳೂರು, ಮೈಸೂರು, ಪುಣೆ ಕಡೆ ಗಾಜಿನ ತೊಟ್ಟಿಯಲ್ಲಿ ಗಿಡ, ಕಲ್ಲು ಇಟ್ಟು ನಮ್ಮ ಹಳ್ಳದ ಥರವೇ ಮಾಡುವ ಹವ್ಯಾಸಿಗಳು. ಸಂಖ್ಯೆ ಕಡಿಮೆ, ಆದರೆ ಮೀನು ಎಲ್ಲಿಯದು ಅಂತ ಕೇಳುತ್ತಾರೆ, ಕೇಳಿ ದುಡ್ಡು ಕೊಡುತ್ತಾರೆ.

ಫಿಲಮೆಂಟ್ ಬಾರ್ಬಿನ ಮರಿ ದೊಡ್ಡದರ ಥರ ಕಾಣೋದಿಲ್ಲ. ಮರಿಗೆ ಅಡ್ಡಪಟ್ಟೆ, ದಾರವಿಲ್ಲ, ಬಣ್ಣ ಮಂಕು. ಗೊತ್ತಿಲ್ಲದವರು "ಇದು ಕೆರೆ ಮೀನಲ್ವಾ" ಅಂತ ಹೋಗಿಬಿಡ್ತಾರೆ. ಬೆಳೆದ ಒಂದು ಗಂಡನ್ನು ಪ್ರದರ್ಶನಕ್ಕೇ ಇಟ್ಟುಕೊಳ್ಳಿ, ಅದರ ವಿಡಿಯೊ ಕಳಿಸಿ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿ ಜೀವಂತ ಪ್ರಾಣಿ ಮಾರಲು ಅವಕಾಶ ಇಲ್ಲ, ಅಕೌಂಟ್ ಹೋದೀತು. ಮೀನು ಸಾಕುವವರ ಸಂಘ, ವಾಟ್ಸಾಪ್ ಗುಂಪು, ಒಂದೆರಡು ನಂಬಿಕೆಯ ಅಂಗಡಿ, ಹೀಗೆ ನಿಧಾನಕ್ಕೆ ಬೆಳೆಸಿ.

ಪ್ರತಿ ಬ್ಯಾಚಿಗೂ ಫೋನಿನಲ್ಲೇ ದಾಖಲೆ ಮಾಡಿ: ಯಾವ ಜೋಡಿ, ಮೊಟ್ಟೆ ಇಟ್ಟ ದಿನ, ಮರಿ ಎಷ್ಟು, ಸತ್ತದ್ದೆಷ್ಟು, ಯಾರಿಗೆ ಮಾರಿದ್ದು, ಜೊತೆಗೆ ದಿನಾಂಕ ಇರುವ ಫೋಟೋ. ನಿಮ್ಮ ಮೀನು ತೊಟ್ಟಿಯದೋ ಹೊಳೆಯದೋ ಅಂತ ಅಧಿಕಾರಿ ಕೇಳಿದರೂ ಗಿರಾಕಿ ಕೇಳಿದರೂ ತೋರಿಸಲು ಇದೊಂದೇ ಸಾಕ್ಷಿ. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಪೆಡಾ, ಸಿಹಿನೀರ ಅಲಂಕಾರಿಕ ಮೀನಿಗೆ ಹಸಿರು ಪ್ರಮಾಣಪತ್ರದ ಮಾರ್ಗಸೂಚಿ ಮಾಡಿದೆ. ಅದರಲ್ಲಿ ಕೇಳೋದೂ ಇಂಥ ದಾಖಲೆಗಳನ್ನೇ.

ಕಳಿಸುವಾಗ ಒಂದು ದಿನ ಉಪವಾಸ ಇಡಿ. ಕವರಿನಲ್ಲಿ ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್, ಹೊರಗೆ ಥರ್ಮಾಕೋಲ್ ಡಬ್ಬಿ, ರಾತ್ರಿ ಬಸ್ಸು. ಸತ್ತು ತಲುಪಿದ್ದಕ್ಕೆ ದುಡ್ಡು ವಾಪಸ್ ಅಂತ ಮೊದಲೇ ಹೇಳಿ. ನಷ್ಟ ಅನಿಸಿದರೂ ಆ ಗಿರಾಕಿ ಮತ್ತೆ ಬರುತ್ತಾನೆ.

ಸಬ್ಸಿಡಿ ವಿಷಯ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಿಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ, ಮಧ್ಯಮ ಘಟಕಕ್ಕೆ 8 ಲಕ್ಷ, ಮರಿ ಮಾಡಿ ಬೆಳೆಸುವ ಸಮಗ್ರ ಘಟಕಕ್ಕೆ 25 ಲಕ್ಷ ರೂಪಾಯಿ ಘಟಕ ವೆಚ್ಚ ಅಂತ ಇಟ್ಟಿದ್ದಾರೆ. ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 60 ಸಹಾಯಧನ. ಈ ವರ್ಷ ಗುರಿ ಇದೆಯಾ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿ. ನನ್ನ ಅಭಿಪ್ರಾಯ ಬೇಕಾದರೆ, ನಾಲ್ಕು ತೊಟ್ಟಿಯಲ್ಲಿ ಒಂದು ವರ್ಷ ಮರಿ ಮಾಡಿ, ಮಾರಿ ನೋಡಿದ ಮೇಲೆ ಅರ್ಜಿ ಹಾಕಿ. ಸಬ್ಸಿಡಿಗೋಸ್ಕರ ಕಟ್ಟಿದ ತೊಟ್ಟಿಗಳಲ್ಲಿ ಅಡಿಕೆ ನೆನೆಹಾಕೋದನ್ನು ಬೇಕಾದಷ್ಟು ನೋಡಿದ್ದೇನೆ.

ಒಂದು ವಿನಂತಿ, ಮಾರಾಟವಾಗದೆ ಉಳಿದದ್ದನ್ನು ಹಳ್ಳಕ್ಕೆ ಬಿಡಬೇಡಿ. ಪರದೇಶಿ ಮೀನಂತೂ ಬೇಡವೇ ಬೇಡ, ಬೆಂಗಳೂರಿನ ಕೆರೆಗಳಲ್ಲಿ ಸಕ್ಕರ್ ಮೀನು ತುಂಬಿಕೊಂಡದ್ದು ಹೀಗೇ. ನಿಮ್ಮ ತೊಟ್ಟಿಯ ದೇಸಿ ಮೀನೂ ಬೇಡ. ತೊಟ್ಟಿಯ ರೋಗ ಹೊಳೆಗೆ ಹೋಗುತ್ತೆ, ಬೇರೆ ಹೊಳೆಯ ತಳಿ ಇಲ್ಲಿಯದರ ಜೊತೆ ಬೆರೆಯುತ್ತೆ. ಪಕ್ಕದ ಶಾಲೆಗೋ ಗೆಳೆಯರಿಗೋ ಕೊಡಿ.

ಈ ಮಳೆಗಾಲದಲ್ಲಿ ಕೂಣಿಗೆ ಬಣ್ಣದ ಮೀನು ಬಿದ್ದರೆ ಫೋಟೋ ತೆಗೆದು, ಜಾಗದ ಹೆಸರು ಬರೆದಿಟ್ಟು, ಮೀನನ್ನು ಅಲ್ಲೇ ಬಿಡಿ. ಹೊಂಡ ತೋಡೋದು, ಏರಿ ಹಾಕೋದು, ಇಲಾಖೆಗೆ ಅರ್ಜಿ ಕೊಡೋದು ಇವಕ್ಕೆಲ್ಲ ದೀಪಾವಳಿವರೆಗೆ ಸಮಯ ಇದೆ.